ಲಾಯರಮ್ಮನ ಅರ್ಜಿ

ಅಡುಗೆಮನೆಯ ಮೇಜಿನಿಂದ,
ಫೆಬ್ರವರಿ ೧೮, ಸಂಜೆ

ನನ್ನ ಪ್ರೀತಿಯ ಗೃಹಮಂತ್ರಿಗಳಿಗೆ,

ಅತ್ತೆಯವರ ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಬಾಗಿಲವರೆಗಾದರೂ ಬರುತ್ತಿದ್ದಾರೆಯೇ? ಅವರನ್ನು ಎಬ್ಬಿಸಿ ಕೂರಿಸುವ ಭರದಲ್ಲಿ ನೀನು ಬೆನ್ನು ಹಿಡಿಸಿಕೊಳ್ಳಬೇಡ. ಇಲ್ಲಿ ನಾನು ಎರಡು ಪಾತ್ರೆ ಸೀಯಿಸಿದ್ದು ಬಿಟ್ಟರೆ ಎಲ್ಲ ಕ್ಷೇಮ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ನಮ್ಮ ಲಾಯರಮ್ಮನ, ಅದೇ ನಿನ್ನ ಮಗಳ, ಕಿವಿ.

ಮಗಳು ಕಾಲೇಜು ಬಿಡುವ ಅರ್ಜಿಗೆ ನೀನೇನೋ ಸಹಿ ಹಾಕಿ ಹೋದೆ. ನನ್ನ ಸಹಿಗೆ ಅವಳು ದಿನಾ ಬೆನ್ನು ಬಿದ್ದಿದ್ದಳು, ನಾನು ನಾಳೆ ನಾಳೆ ಎಂದು ತಳ್ಳುತ್ತಾ ಬಂದೆ. ಅವಳಿಗೆ ಕಂಪ್ಯೂಟರ್ ಓದು ಬೇಡವಾಗಲು ಅವಳ ಮೇಷ್ಟ್ರಾದ ನಾನೇ ಕಾರಣ ಎಂಬ ಸಂಕಟ ನನಗೆ. ಹೋದ ಸೆಮಿಸ್ಟರ್‌ನ ಮೊದಲ ವಾರ ಬೋರ್ಡಿನ ಮೇಲೆ x = x + 1 ಎಂದು ಬರೆದಿದ್ದೆ, ಅಂದರೆ x ಈಗಿರುವುದಕ್ಕೆ ಒಂದು ಕೂಡಿಸು ಎಂದು. "ಗಣಿತದಲ್ಲಿ ಇದು ಸುಳ್ಳಲ್ವಾ ಸಾರ್?" ಎಂದು ಅವಳು ಎದ್ದು ನಿಂತಳು. "ಸುಮ್ನೆ ಬರ್ಕೋ" ಎಂದು ಗದರಿಬಿಟ್ಟೆ. ಆಮೇಲೆ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈ ಸಲ ಪಾಠವನ್ನು ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಬೇರೆ ಪದ್ಧತಿಯಿಂದ ಶುರು ಮಾಡಿದ್ದೇವಲ್ಲ, ಅದರಲ್ಲಿ ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಮತ್ತೆ ಬದಲಾಯಿಸುವ ಹಾಗಿಲ್ಲ. ಸಮ ಎಂದರೆ ಸಮವೇ, ಗಣಿತದ ಹಾಗೆ. ಮೊನ್ನೆ ಲ್ಯಾಬಿನಲ್ಲಿ, ಹತ್ತೊಂಬತ್ತು ವರ್ಷದ ಕೈಚಾಳಿ ನೋಡು, ಅದೇ x = x + 1 ಬರೆದು ಎಲ್ಲರಿಂದಲೂ ಟೈಪ್ ಮಾಡಿಸಿದೆ. x ಎಷ್ಟು ಎಂದು ಕೇಳಿದರೆ ಮೂವತ್ತು ಕಂಪ್ಯೂಟರ್‌ಗಳೂ ಉತ್ತರ ಕೊಡದೆ ಕೂತವು. ಹಿಂದಿನ ಸಾಲಿನಿಂದ ಲಾಯರಮ್ಮ ಎದ್ದಳು. "x ಎಷ್ಟು ಅಂತ ಹೇಳೋಕೆ ಅದಕ್ಕೆ ಮೊದ್ಲು x ಎಷ್ಟು ಅಂತ ಗೊತ್ತಾಗ್ಬೇಕು ಸಾರ್. ಪಾಪ, ಅದು ಎಲ್ಲಿಂದ ಹೇಳುತ್ತೆ?" ಎಂದಳು. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. "ಅವತ್ತೂ ನೀನು ಕೇಳಿದ್ದು ಸರಿ ಇತ್ತಮ್ಮ, ಗದರಿದ್ದು ನನ್ನ ತಪ್ಪು" ಎಂದು ಎಲ್ಲರೆದುರೇ ಒಪ್ಪಿಕೊಂಡೆ. ಬೆಲ್ ಹೊಡೆದ ಮೇಲೂ ಅವಳು ಕೂತು ಲೆಕ್ಕ ಬಿಡಿಸುತ್ತಿದ್ದಳು. ಎದೆ ಎಷ್ಟು ಹಗುರಾಯಿತು ಗೊತ್ತೇನೇ!

ಅತ್ತೆಯವರಿಗೆ ನನ್ನ ನಮಸ್ಕಾರ. ಅವರಿಗೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡುವವಳು ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಮೇಷ್ಟ್ರು

ಮರೆತಿದ್ದು: ಅಂಚೆಡಬ್ಬಿಗೆ ಹೊರಟವನು ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಈಗ ತಾನೇ ಮಗಳು ಆ ಅರ್ಜಿಯನ್ನು ಹರಿದು ಬೇರೊಂದನ್ನು ಕೈಗಿಟ್ಟಳು. ಕಾಲೇಜು ಬಿಡುವುದಿಲ್ಲವಂತೆ, ಪಕ್ಕದ ಸೆಕ್ಷನ್‌ಗೆ ಹಾಕಬೇಕಂತೆ. ಅಲ್ಲಿಯೂ ಇದೇ ಪಾಠ, ಮೇಷ್ಟ್ರು ಮಾತ್ರ ಬೇರೆ. "ಮನೇಲೂ ನೀವೇ, ಕ್ಲಾಸಲ್ಲೂ ನೀವೇ ಅಂದ್ರೆ ಎಷ್ಟೂಂತ ಸಹಿಸ್ಕೊಳ್ಳಲಿ ಅಪ್ಪಾ?" ಎಂದಳು. ನಿಂತ ಕಾಲಲ್ಲೇ ಸಹಿ ಹಾಕಿದೆ.