ಮೆತ್ತಗಾಗಿಲ್ಲ, ಮಗಳೇ

ತಾರೀಕು ಹನ್ನೆರಡು, ಮಂಗಳವಾರ

ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತು ಅಂತ ತಪ್ಪು ತಿಳಿಯಬೇಡ. ನನ್ನದು ಮೂರನೇ ಕ್ಲಾಸಿನ ಅಕ್ಷರ, ಒಂದು ಸಾಲು ಬರೆಯುವಷ್ಟರಲ್ಲಿ ಏದುಸಿರು ಬರುತ್ತದೆ.

"ವಯಸ್ಸಾಯಿತಲ್ಲ, ಅಮ್ಮ ಈಗಲಾದರೂ ಮೆತ್ತಗಾಗಿರಬೇಕು, ಒಂದು ಭಾನುವಾರ ಬರಲಾ?" ಅಂತ ಕೇಳಿದ್ದೀಯ. ನನ್ನ ಮಾತು ಮೀರಿ ಮದುವೆಯಾಗಿ ಇಪ್ಪತ್ತೆಂಟು ವರ್ಷ ಮುಖ ತೋರಿಸದವಳಿಗೆ ನಾನು ಮೆತ್ತಗಾದದ್ದು ಹೇಗೆ ಗೊತ್ತಾಯಿತೋ! ನಾನೇನು ಹುಲ್ಲಿನಲ್ಲಿಟ್ಟ ಕಾಯಿಯೇ, ಇಟ್ಟಲ್ಲೇ ಹಣ್ಣಾಗೋಕೆ?

ಡಾಕ್ಟರ್ ಬೇರೆಯೇ ಹೇಳುತ್ತಾನೆ. ನಿನ್ನ ಮಗನ ವಯಸ್ಸಿನವನು, ಮೀಸೆ ಬರಲೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದೆ. ಎದೆಗೆ ತಣ್ಣನೆಯ ಲೋಳೆ ಬಳಿದು, ಟಿವಿಯಂಥದ್ದರಲ್ಲಿ ನೋಡಿ, "ಅಜ್ಜಿ, ನಿಮ್ಮ ಹೃದಯ ಹಿಂಡೋದೇನೋ ಚೆನ್ನಾಗಿ ಹಿಂಡುತ್ತೆ, ಆಮೇಲೆ ಸಡಿಲ ಬಿಡಲ್ಲ. ಬಿಟ್ಟರೆ ತಾನೆ ರಕ್ತ ತುಂಬೋದು? ವಯಸ್ಸಾದ ಹಾಗೆ ಗಟ್ಟಿಯಾಗುತ್ತೆ" ಅಂದ. ದೊಡ್ಡ ಪಂಡಿತ! ಮೂವತ್ತು ವರ್ಷ ಲಾಡ್ಜಿನ ಬೆಡ್‌ಶೀಟು ಒಗೆದವಳಿಗೆ ಇವನು ಹೇಳಿಕೊಡಬೇಕೇ? ಮುಷ್ಟಿಯಲ್ಲಿ ಹಿಂಡಿ ಹಿಡಿದ ಬಟ್ಟೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿದರೂ ಅದು ನೀರು ಕುಡಿಯಲ್ಲ. ಕೈ ಬಿಡಬೇಕು.

ನಿನ್ನ ಅತ್ತಿಗೆಗೆ ಹಾಲು ಕುಡಿದಷ್ಟು ಸಂತೋಷ. "ನಮ್ಮತ್ತೆ ಹೃದಯ ಗಟ್ಟಿಯಂತೆ, ಸ್ಕ್ಯಾನಿಂಗಲ್ಲೇ ಬಂದಿದೆ!" ಅಂತ ಬೀದಿಗೆಲ್ಲ ಸಾರಿದಳು. "ನಿನ್ನ ತಲೆಗೂ ಒಂದು ಮಾಡಿಸೋಣ ಬಾರೇ, ಏನೂ ಕಾಣಿಸದೆ ಮಿಷನ್ನೇ ಕೆಟ್ಟಿದೆ ಅಂದಾರು" ಅಂದೆ. ನಿನ್ನ ಅಣ್ಣ ಎಂದಿನ ಹಾಗೆ ಪೇಪರಿನ ಹಿಂದೆ ಅಡಗಿಕೊಂಡ. ಗಂಡಸಂತೆ!

ಅದಕ್ಕೇ ಹೇಳುತ್ತೇನೆ ಕೇಳು. ಅಮ್ಮ ಕರಗಿದ್ದಾಳೆ ಅಂತ ಬರೋದಾದರೆ ಬರಬೇಡ, ಬಸ್ ಚಾರ್ಜು ದಂಡ. ಗಟ್ಟಿಯಾಗಿದ್ದಾಳೆ ಅಂತ ಗೊತ್ತಿದ್ದೂ ಬರೋದಾದರೆ ನಿನ್ನಿಷ್ಟ. ಮಹಡಿ ಇಳಿದು ಎದುರುಗೊಳ್ಳೋಕೆ ನನ್ನಿಂದಾಗಲ್ಲ, ನೀನೇ ಹತ್ತಿ ಬರಬೇಕು. ಮಗ ಮಹಾ ಮೊಂಡ ಅಂತ ಬರೆದಿದ್ದೀಯ. ಅವನನ್ನೂ ಕರೆದುಕೊಂಡು ಬಾ, ಯಾರನ್ನು ಹೋಲುತ್ತಾನೋ ನೋಡೋಣ.

ನೀನು, ನಿನ್ನ ಗಂಡ, ಮಗ ನೂರು ಕಾಲ ಚೆನ್ನಾಗಿ ಬಾಳಿ.

ಇಂತಿ,
ನಿನ್ನ ಅಮ್ಮ

ಉಳಿದ ಮಾತು: ಹೃದಯ ಹೀಗೆ ಗಟ್ಟಿಯಾದದ್ದು ಯಾವಾಗಿನಿಂದ ಅಂತ ಡಾಕ್ಟರನ್ನು ಕೇಳಿದೆ. "ಈಚೆಗೆ ಅಜ್ಜಿ, ಅರವತ್ತರ ಮೇಲೆ. ಅದಕ್ಕೆ ಮುಂಚೆ ನಿಮ್ಮ ಹೃದಯ ಚೆನ್ನಾಗೇ ಇದ್ದಿರುತ್ತೆ" ಅಂದ. ನೀನು ಹಸಿ ಬಾಣಂತಿ, ಕೂಸನ್ನೆತ್ತಿಕೊಂಡು ಬಂದು ಬಾಗಿಲು ಬಡಿದ ದಿನ ನನಗೆ ನಲವತ್ತಾರು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ನೀನು ಹೊರಟುಹೋದೆ. ಕೂಸು ಅಳೋದು ಕೇಳಿಸುತ್ತಿತ್ತು. ನಾನು ಚಿಲಕ ಹಿಡಿದುಕೊಂಡು ಒಳಗೇ ನಿಂತಿದ್ದೆ.