ಬಾಗಿಲಿಗೆ ಬಂದವರಿಗೆ ಮುತ್ತು

ಮಾರ್ಚ್ 3, ಸೋಮವಾರ
ಸುದ್ದಿ ಮೊದಲು ಹೇಳಿದವಳು ತಂಗಿ. ನಿನ್ನೆ ಮಧ್ಯಾಹ್ನ, ಊಟದ ತಟ್ಟೆ ಇನ್ನೂ ತೊಳೆದಿರಲಿಲ್ಲ. "ಅಕ್ಕಾ, ಅಂಗಡಿ ಬಾಗಿಲಿಗೆ ಬಂದೆ ನೋಡು, ಅಮ್ಮ ಎದ್ದು ಬಂದು ಕೆನ್ನೆಗೆ ಮುತ್ತು ಕೊಟ್ಟಳು!"

ನಮ್ಮಮ್ಮನೇ? ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವಾಗಿನ ಅಕ್ಕರೆಯನ್ನೂ ಮಕ್ಕಳಿಗೆ ತೋರಿಸಿದವಳಲ್ಲ. ಇಪ್ಪತ್ತಾರು ವರ್ಷದಿಂದ ಅವಳ ಪಕ್ಕದ ಮೆಷಿನ್ನಿನಲ್ಲಿ ಕೂತಿದ್ದೇನೆ. ನನಗೆ ಸಿಕ್ಕಿದ್ದು — "ಸೊಟ್ಟಗಿದೆ, ಬಿಚ್ಚು." ಮುತ್ತು ಮಾತ್ರ ತಿಂಗಳಿಗೊಮ್ಮೆ ಮುಖ ತೋರಿಸುವವಳಿಗೆ. ಹೊಟ್ಟೆ ಉರಿಯಿತು. ಯಾರು ಓದುತ್ತಾರೆ ಇದನ್ನು... ಉರಿಯಿತು.

ಮಾರ್ಚ್ 6
ತಂಗಿಯ ಫೋನು. "ನಂಗ್ಯಾಕೋ ಭಯ ಕಣಕ್ಕಾ. ಅಮ್ಮ ಹೀಗಿರ್ಲಿಲ್ಲ. ಮರೆವಿನ ಕಾಯಿಲೆಯೇನೋ, ಡಾಕ್ಟರಿಗೆ ತೋರಿಸೋಣ."

"ಮುತ್ತು ಕೊಟ್ಟಿದ್ದಕ್ಕೆ ಡಾಕ್ಟರಾ? ನಿಂಗೆ ಜಂಬ ಜಾಸ್ತಿಯಾಗಿದೆ, ಮೊದಲು ನೀನು ತೋರಿಸ್ಕೋ." ಫೋನಿಟ್ಟೆ.

ಅಮ್ಮನಿಗೆ ಮರೆವೇ? ಹತ್ತು ವರ್ಷದ ಹಿಂದಿನ ಗಿರಾಕಿಯ ತೋಳಿನ ಅಳತೆ ಇವತ್ತೂ ನಾಲಿಗೆ ತುದಿಯಲ್ಲಿದೆ.

ಮಾರ್ಚ್ 11
ಮೇಷ್ಟ್ರ ಹೆಂಡತಿ ಬಂದಿದ್ದರು. ತೀರಿಕೊಂಡ ಗಂಡನ ಅಂಗಿ, ಮಗನಿಗೆ ಚಿಕ್ಕದು ಮಾಡಿಕೊಡಬೇಕು. ಹೇಳುತ್ತ ಹೇಳುತ್ತ ಅಂಗಿಯ ಕಾಲರ್ ಸವರಿದರು. ಅಮ್ಮ ಕಿಸಕ್ಕನೆ ನಕ್ಕಳು. "ಅವರಿಗಿನ್ಯಾಕೆ ಅಂಗಿ, ಬಿಡಿ!"

ನಿದ್ದೆಯಿಲ್ಲ ಪಾಪ, ಆಯಾಸ — ಏನೇನೋ ತೇಪೆ ಹಾಕಿದೆ. ಆ ತಾಯಿ ಮುಖ ತಿರುಗಿಸಿಕೊಂಡು ಹೋದರು.

ತಂಗಿಗೆ ಹೇಳಲಿಲ್ಲ. ಹೇಳಿದರೆ ಅವಳ ಮಾತೇ ಸರಿ ಎಂದಾಗುತ್ತದಲ್ಲ.

ಮಾರ್ಚ್ 19
ಗುಂಡಿ, ದಾರ ತಂದುಕೊಡುವ ಮುದುಕರು ಬಾಗಿಲಲ್ಲೇ ನಿಂತು ನಕ್ಕರು. "ನಿಮ್ಮಮ್ಮ ಮೊನ್ನೆ ನಂಗೂ ಮುತ್ತು ಕೊಟ್ರಮ್ಮ! ಈ ವಯಸ್ಸಿಗೆ! ಮನೇಲಿ ಹೇಳೋ ಹಾಗೂ ಇಲ್ಲ, ನುಂಗೋ ಹಾಗೂ ಇಲ್ಲ." ಕರೆಂಟ್ ಮೀಟರ್ ನೋಡುವವನಿಗೂ ಕೊಟ್ಟಳಂತೆ.

ಮೊದಲು ಆದದ್ದು ಸಂತೋಷ. ಆ ಕ್ಷಣವೇ ತಂಗಿಗೆ ಫೋನು. "ಬಾಗಿಲಿಗೆ ಬಂದೋರಿಗೆಲ್ಲ ಕೊಡ್ತಾಳಂತೆ. ನೀನೇನೂ ಸ್ಪೆಷಲ್ ಅಲ್ಲ."

ಆಡಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಆಮೇಲೆ ಅಂಗಿಯ ವಿಷಯವನ್ನೂ ಹೇಳಿಬಿಟ್ಟೆ.

ಮಾರ್ಚ್ 24, ಸಂಜೆ
ಅಮ್ಮನನ್ನು ಪರೀಕ್ಷಿಸಿ ಡಾಕ್ಟರ್ ಹೇಳಿದರು: "ಎಲ್ಲರಿಗೂ ಮರೆವಿನಿಂದಲೇ ಶುರುವಾಗಲ್ಲ. ಕೆಲವರಿಗೆ ಮೊದಲು ಸ್ವಭಾವ ಬದಲಾಗುತ್ತೆ. ಡಿಮೆನ್ಷಿಯಾ, ಅಂದ್ರೆ ಮಿದುಳು ಸವೆಯೋ ಕಾಯಿಲೆ, ಇರಬಹುದು, ಸ್ಕ್ಯಾನ್ ಮಾಡಿಸಿ. ಆ ಮುತ್ತು, ಆ ನಗು... ಎರಡೂ ಒಂದೇ ಕಡೆಯಿಂದ ಬರ್ತಿರಬಹುದು." ಕತ್ತರಿ ಕೈಗೆ ಸಿಗದಂತೆ ಇಡಲು ಹೇಳಿದರು.

ಮೆಟ್ಟಿಲಿಳಿಯುವಾಗ ತಂಗಿ ಕೈ ಹಿಡಿದಳು. "ನಿಂಗೆ ಒಂದ್ಸಲವೂ ಕೊಟ್ಟಿಲ್ವಾ ಅಕ್ಕಾ?"

"ನಾನು ಯಾವಾಗ್ಲೂ ಒಳಗೇ ಇರ್ತೀನಲ್ಲೇ."

ಮಾರ್ಚ್ 25, ಬೆಳಿಗ್ಗೆ
ತಂಗಿ ಸ್ಕ್ಯಾನಿನ ಚೀಟಿ ಹಿಡಿದು ದಿನ ಗೊತ್ತುಮಾಡಲು ಆಸ್ಪತ್ರೆಗೆ ಹೋದಳು. ನಾನು ದೊಡ್ಡ ಕತ್ತರಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆಮೇಲೆ ಹಿಂಬಾಗಿಲಿನಿಂದ ಹೊರಬಿದ್ದೆ. ಮನೆ ಸುತ್ತಿ ರಸ್ತೆಗೆ ಬಂದೆ. ಗಿರಾಕಿಯ ಹಾಗೆ ಚಪ್ಪಲಿ ಬಿಟ್ಟು ಅಂಗಡಿ ಬಾಗಿಲು ತಟ್ಟಿದೆ. ರೋಗವೆಂದು ಗೊತ್ತು. ಗೊತ್ತಿದ್ದೂ...

ಅಮ್ಮ ಮೆಷಿನ್ ನಿಲ್ಲಿಸಿದಳು. ಕನ್ನಡಕ ತೆಗೆದಿಟ್ಟಳು. ಎದ್ದು ಬಂದು —