ಎರಡನೆಯ ಆಜ್ಞೆ

೧೨-೨-೪೪, ಶನಿವಾರ

ಮತ್ತೆ ಕಾಫಿ ತಣ್ಣಗಾಗಿದೆಯೆಂದು ಇವರು ಲೋಟ ನೂಕಿದರು. ತಣ್ಣಗಾಗಿರಲಿಲ್ಲ. ನೆಲ ಒರೆಸಿದೆ.

ಇವರು ಮಾವನ ನೂಲಿನ ಷೆಡ್ಡಿಗೆ ಹೋದ ತಿಂಗಳು ಹೊಸ ಮದ್ದು ತರಿಸಿದರು — ಪೆರಾಕ್ಸೈಡು. ಸೋಡಾ ಜೊತೆ ಬೆರೆಸಿ ರೇಷ್ಮೆ ನೂಲಿನ ಹಳದಿ ತೆಗೆಯುವುದಕ್ಕೆ. ಬೇಗ ಆಗಲೆಂದು ಈಗ ಎರಡನ್ನೂ ಇಮ್ಮಡಿ ಹಾಕಿಸುತ್ತಾರಂತೆ. ಕೆಲಸದವರಿಗಾಗಿ ಗೋಡೆಗೆ ಅಂಟಿಸಲು ಒಂದು ಚೀಟಿ ಬೇಕಂತೆ. ಬಿ.ಎಸ್ಸಿ. ಆದವರು ಇಂಗ್ಲಿಷಿನಲ್ಲಿ ಬರೆದರು. ಕನ್ನಡ ಮಾಡುವುದು ನನ್ನ ಪಾಲು.

"ನಿಮ್ಮಪ್ಪ ನಿನಗೆ ಕನ್ನಡ ಬಿ.ಎ. ಓದಿಸಿದ್ದು ಯಾತಕ್ಕೂ ಬರಲಿಲ್ಲ. ಇದಕ್ಕಾದ್ರೂ ಬರ್ಲಿ."

ಒಂದು ಕಡೆ ತಡೆಯಿತು. ಸೆಕೆಂಡ್ ಆರ್ಡರ್ ರಿಯಾಕ್ಷನ್.

"ರೀ, ಇಲ್ಲಿ ಆರ್ಡರ್ ಅಂದ್ರೆ ಏನು?"

"ಆರ್ಡರ್ ಅಂದ್ರೆ ಆರ್ಡರ್. ಅಷ್ಟೂ ಗೊತ್ತಿಲ್ವಾ?"

ಒಲೆಯ ಹತ್ತಿರದಿಂದ ಅತ್ತೆ: "ಅದೇ ಕಣಮ್ಮ, ಸರ್ಕಾರದೋರು ರೇಷನ್ ಅಂಗಡೀಗೆ ಹಾಕ್ತಾರಲ್ಲ, ಆ ಆರ್ಡರ್ರು."

ಇಬ್ಬರೂ ನಕ್ಕರು. ಈ ಮನೆಯಲ್ಲಿ ತಾಯಿ ಮಗ ಕೂಡಿ ನಗುವುದು ನನ್ನನ್ನು ನೋಡಿದಾಗ ಮಾತ್ರ.

ಬರೆದೆ — 'ಮದ್ದು, ಸೋಡಾ ಎರಡೂ ಈಗ ಇಮ್ಮಡಿ. ಇದು ಎರಡನೆಯ ಆಜ್ಞೆಯ ಕ್ರಿಯೆ. ಅದರಂತೆ ನೂಲು ಎತ್ತುವುದು.' ಎಷ್ಟು ಹೊತ್ತಿಗೆ ಎತ್ತಬೇಕೆಂದು ಇವರು ಬರೆದಿರಲಿಲ್ಲ. ಇನ್ನೊಮ್ಮೆ ಕೇಳುವ ಮನಸ್ಸಾಗಲಿಲ್ಲ.

೧೫-೨-೪೪, ಮಂಗಳವಾರ

ನೂಲು ಹೋಯಿತು. ಒಂದು ತೊಟ್ಟಿ ಪೂರ್ತಿ.

ಬೆಳಿಗ್ಗೆ ಇವರು "ಹಾಕೋ" ಎಂದು ಹೇಳಿ ದೇವನಹಳ್ಳಿಗೆ ಹೋದರು. ತೊಟ್ಟಿ ನೋಡಿಕೊಳ್ಳುವ ಪಿಳ್ಳಪ್ಪ ನೂಲು ಹಾಕಿ ಪಕ್ಕದಲ್ಲೇ ಕುಳಿತ. ಮಧ್ಯಾಹ್ನ ಇವರು ವಾಪಸು ಬಂದು ಎತ್ತಿಸಿದಾಗ ನೂಲು ಬೆಂದ ಶ್ಯಾವಿಗೆಯಂತೆ ತುಂಡಾಗಿ ಬಂತು.

"ಕಣ್ಣು ಕುರುಡಾಗಿತ್ತೇನೋ?"

"ಇಲ್ಲ ಬುದ್ಧಿ. ಚೀಟೀಲಿ ಎರಡನೇ ಆಜ್ಞೆ ಅಂತ ಐತೆ. ಹಾಕು ಅಂದ್ರಿ, ಒಂದಾಯ್ತು. ಎತ್ತು ಅಂತ ಅನ್ಲೇ ಇಲ್ಲ ನೀವು."

"ನಾನು ದೇವನಹಳ್ಳೀಲಿದ್ದೆ ಕಣೋ!"

"ಅದಕ್ಕೇ ಕಾದೆ."

ನಗು ಬಂತು. ನುಂಗಿದೆ. ಆಮೇಲೆ ಮಾವ ಅಂದರು — ಪಿಳ್ಳಪ್ಪ ಈ ತಿಂಗಳಿಗೆ ಜಾಗ ಬಿಡಲಿ. ಜಾಗ ಎಂದರೆ ಷೆಡ್ಡಿನ ಹಿಂದಿನ ಕೋಣೆಯೂ. ಅವನ ಹೆಂಡತಿ ಮುನಿಗಂಗಮ್ಮನಿಗೆ ಏಳು ತಿಂಗಳು. ಇವರು ಪಕ್ಕದಲ್ಲೇ ನಿಂತಿದ್ದರು. 

ಕೋಣೆಯಲ್ಲಿ ನನಗೆ ಮಾತ್ರ: "ಆಜ್ಞೆಯಂತೆ, ಆಜ್ಞೆ. ಬಾಯಿ ಮುಚ್ಕೊಂಡಿರು."

೧೬-೨-೪೪, ಬುಧವಾರ

ಇವರಿಲ್ಲದಾಗ ಇವರ ಕೆಮಿಸ್ಟ್ರಿ ಪುಸ್ತಕ ತೆಗೆದೆ. ಮೂರು ಸಲ ಓದಿದ ಮೇಲೆ ಬೆಳಕಾಯಿತು. ಆರ್ಡರ್ ಆಜ್ಞೆಯಲ್ಲ. ದರ್ಜೆ.

ಮದ್ದನ್ನು ಇಮ್ಮಡಿ ಮಾಡಿದರೆ ನೂಲು ಬೆಳ್ಳಗಾಗುವ ವೇಗವೂ ಇಮ್ಮಡಿ — ಆ ಮದ್ದಿಗೆ ಅದು ಒಂದನೆಯ ದರ್ಜೆ. ಸೋಡಾಕ್ಕೂ ಹಾಗೆಯೇ ಇದ್ದರೆ ದರ್ಜೆ ಕೂಡಿ ಎರಡು. ಆಗ ಎರಡನ್ನೂ ಇಮ್ಮಡಿ ಮಾಡಿದರೆ ವೇಗ ನಾಲ್ಕರಷ್ಟು. ನೂಲು ಕಾಲು ಭಾಗ ಹೊತ್ತಿಗೇ ಎತ್ತಬೇಕು. ಇಷ್ಟನ್ನು ಹೇಳುವುದೇ ರೇಟ್ ಲಾ. ವೇಗದ ನಿಯಮ.

ಶೂನ್ಯ ದರ್ಜೆಯೂ ಇದೆಯಂತೆ. ಎಷ್ಟು ಸುರಿದರೂ, ಎಷ್ಟು ಕಳೆದರೂ ವೇಗ ಅದೇ. ಇವರ ಸಿಟ್ಟು ಅದು. ನಾನು ಮಾತಾಡಿದರೂ ಒಂದೇ, ಸುಮ್ಮನಿದ್ದರೂ ಒಂದೇ. ಅತ್ತೆ ಸೇರಿದ ದಿನ ಮಾತ್ರ ಬೇರೆ ಲೆಕ್ಕ.

ಕೊನೆಯಲ್ಲಿ ಒಂದು ವಾಕ್ಯ: ಸಮೀಕರಣ ನೋಡಿ ದರ್ಜೆ ಹೇಳಲಾಗದು, ಪ್ರಯೋಗದಿಂದಲೇ ತಿಳಿಯಬೇಕು. ಊಟಕ್ಕೆ ಬಡಿಸುತ್ತ ಕೇಳಿದೆ, "ಷೆಡ್ಡಲ್ಲಿ ಪ್ರಯೋಗ ಮಾಡಿ ನೋಡಿದ್ರಾ?"

ಅರ್ಧ ಊಟಕ್ಕೇ ತಟ್ಟೆಯಲ್ಲಿ ಕೈ ತೊಳೆದರು.

೨೫-೨-೪೪, ಶುಕ್ರವಾರ

ಪುಸ್ತಕ ಟ್ರಂಕಿನಲ್ಲಿ. ಬೀಗದ ಕೈ ಇವರ ಉಡಿದಾರದಲ್ಲಿ. ಆದರೆ ಓದಿದ್ದನ್ನು ಟ್ರಂಕಿಗೆ ಹಾಕಲಾಗುವುದಿಲ್ಲ.

ಹಿತ್ತಿಲಲ್ಲಿ ನಾನೇ ನೋಡಿದೆ. ನಾಲ್ಕು ಲೋಟ, ಒಂದೇ ಬಿಸಿ, ಒಂದೊಂದು ಎಳೆ ನೂಲು. ಮೊದಲಿದ್ದ ಹದ, ಮದ್ದು ಮಾತ್ರ ಇಮ್ಮಡಿ, ಸೋಡಾ ಮಾತ್ರ ಇಮ್ಮಡಿ, ಎರಡೂ. ಎರಡೂ ಹಾಕಿದ್ದು ಮೊದಲು ಬೆಳ್ಳಗಾಯಿತು, ಸುಮಾರು ಕಾಲು ಭಾಗ ಹೊತ್ತಿಗೇ. ಇವರ ಲೆಕ್ಕ ಸರಿ. ಇಷ್ಟವಾಗಲಿಲ್ಲ. ಆದರೂ ಸರಿ.

ಮುನಿಗಂಗಮ್ಮ ಪಾತ್ರೆ ತೊಳೆಯುತ್ತ ನೋಡುತ್ತಿದ್ದಳು.

"ಅಮ್ಮಾವ್ರೇ, ಆ ಚೀಟಿ ನೀವು ಬರ್ದಿದ್ದಂತೆ."

"ಹೌದು."

"ಹಂಗಾದ್ರೆ ನಮ್ಮೋರು ಯಾಕೆ ಹೋಗ್ಬೇಕು?"



೨೭-೨-೪೪, ಭಾನುವಾರ, ಸಂಜೆ

ಹೇಳಿದೆ. ಮಾವ ನಡುಮನೆಯಲ್ಲಿ ಕುಳಿತು ಲೆಕ್ಕ ತೀರಿಸಿ ಕಳಿಸಲು ಪಿಳ್ಳಪ್ಪನನ್ನು ಕರೆಸಿದ್ದರು. ಮದುವೆಯಾಗಿ ಬಂದಮೇಲೆ ಅಲ್ಲಿ ನಾನು ಮಾತಾಡಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಆಜ್ಞೆ ಅನ್ನೋ ಪದ ನನ್ನದು, ಮಾವ. ತಪ್ಪು ಪದ. ಅರ್ಥ ಕೇಳಿದೆ, ಇವರು ಹೇಳಲಿಲ್ಲ. ಎಷ್ಟು ಹೊತ್ತಿಗೆ ಎತ್ತಬೇಕು ಅಂತ್ಲೂ ಬರೀಲಿಲ್ಲ. ಪಿಳ್ಳಪ್ಪ ಚೀಟೀಲಿದ್ದಂಗೆ ಮಾಡಿದಾನೆ."

ಅತ್ತೆ, "ನೋಡ್ದ್ಯಾ ಬಿ.ಎ. ಬಾಯಿ" ಎಂದರು. ಇವರು ನನ್ನನ್ನೇ ನೋಡುತ್ತಿದ್ದರು. ಮಾವ ಎಲೆಯಡಿಕೆ ಅಗಿದರು, ಉಗಿದರು, ಮಗನ ಕಡೆ ತಿರುಗಿದರು.

"ಹೊತ್ತು ಬರೀಲಿಲ್ವೇನ್ಲಾ?"

ಇವರು ನೆಲ ನೋಡಿದರು.

"ಪಿಳ್ಳಪ್ಪ, ನಾಳೆ ಷೆಡ್ಡಿಗೆ ಬಾ."

ಈಗ ಕೋಣೆಯಲ್ಲಿದ್ದೇನೆ.   ಪಡಸಾಲೆಯಿಂದ ಇವರು ಕೂಗಿದರು — "ಲೇ, ಬಾರೇ ಇಲ್ಲಿ."

ಇದು ಒಂದನೆಯದು. ಎದ್ದಿಲ್ಲ. ಎರಡನೆಯ ಆಜ್ಞೆ ಬರುವವರೆಗೆ ನಾನೂ ಪಿಳ್ಳಪ್ಪನಂತೆ —